ಹಳೇ ಗುರಾಣಿ ತಂದರೆ ಹೊಸ ಗುರಾಣಿ

ಹೋದ ತಿಂಗಳ ಒಂದು ಶನಿವಾರ, ಮಧ್ಯಾಹ್ನದ ಊಟ ಮುಗಿಸಿ ಬಂದು ಕೂತವನು ಸತ್ತುಹೋದೆ.

ಗಾಬರಿ ಬೇಡ. ಸತ್ತದ್ದು ಕಂಪ್ಯೂಟರಿನೊಳಗೆ. ತಲೆಯಿಂದ ಕಾಲಿನವರೆಗೆ ಕಬ್ಬಿಣ ತೊಟ್ಟು, ಬಾಗಿಲಿನಷ್ಟು ದೊಡ್ಡ ಗುರಾಣಿ ಹಿಡಿದು, ಶತ್ರುವಿನ ಮುಖವನ್ನೇ ನೋಡದೆ, ಮೊದಲ ಸೇತುವೆಯಿಂದ ಜಾರಿ ನೀರಿಗೆ ಬಿದ್ದು ವೀರಮರಣ ಹೊಂದಿದೆ. (ಮುಳುಗಿ ಸತ್ತವನಿಗೆ ವೀರಗಲ್ಲು ನೆಡುವ ಪದ್ಧತಿ ಉಂಟೇ? ತಿಳಿದವರು ಹೇಳಬೇಕು.)

ಈ ವಯಸ್ಸಿನಲ್ಲಿ ಆನ್‌ಲೈನ್ ಗೇಮ್ ಯಾಕೆ ಬೇಕಿತ್ತು ಎಂದು ನೀವು ಕೇಳುತ್ತೀರಿ. ನನ್ನ ಹೆಂಡತಿಯೂ ಇದನ್ನೇ ಕೇಳಿದಳು, ಸ್ವಲ್ಪ ಖಾರವಾಗಿ. ಬೇಕಿದ್ದದ್ದು ನನಗಲ್ಲ, ಎಚ್‌ಆರ್‌ಗೆ.

ಅಂಕಣ ಬರೆಯದ ಹೊತ್ತಿನಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಎರಕ ಹೊಯ್ದ ಪಂಪಿನ ಭಾಗಗಳನ್ನು ಉಜ್ಜಿ ನುಣುಪು ಮಾಡಿ ಕಳಿಸುತ್ತೇವೆ. ಹೆಡ್ ಆಫೀಸು ವೈಟ್‌ಫೀಲ್ಡಿನಲ್ಲಿ, ಇನ್ನೊಂದು ಯೂನಿಟ್ಟು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಮೂರೂ ಒಂದೇ ಊರಿನಲ್ಲಿವೆ ಎಂದು ಹೇಳುತ್ತಾರೆ, ಹೋಗಿಬಂದವರು ನಂಬುವುದಿಲ್ಲ. ಹೆಡ್ ಆಫೀಸಿನ ಎಚ್‌ಆರ್ ಮೇಡಂ ಶ್ರೇಯಾ ಅವರಿಗೆ ಒಂದು ದಿನ, ಯೂನಿಟ್ಟುಗಳ ನಡುವೆ ಬಾಂಡಿಂಗ್ ಸಾಲದು ಎಂದು ಹೊಳೆಯಿತು. ಪೀಣ್ಯದಲ್ಲಿ ಸಾಲದೇ ಇದ್ದದ್ದು ಎಕ್ಸಾಸ್ಟ್ ಫ್ಯಾನು ಎಂಬುದು ನಮ್ಮ ಅಭಿಪ್ರಾಯವಾಗಿತ್ತು. ಆದರೆ ಫ್ಯಾನಿಗೆ ವೈರಿಂಗ್ ಬೇಕು. ಬಾಂಡಿಂಗಿಗೆ ವೈಫೈ ಸಾಕು.

ಹೀಗಾಗಿ ಎಲೆಕ್ಟ್ರಾನಿಕ್ ಸಿಟಿಗೂ ಪೀಣ್ಯಕ್ಕೂ ಆನ್‌ಲೈನ್ ಯುದ್ಧ ಘೋಷಣೆಯಾಯಿತು. ತಂಡಕ್ಕೆ ಮೂವರು, ಒಬ್ಬರು ಕಡ್ಡಾಯವಾಗಿ ಶಾಪ್ ಫ್ಲೋರಿನವರು. ನಮ್ಮ ಕಡೆಯಿಂದ ನಾನು, ಸ್ಟೋರ್ಸ್ ನೋಡಿಕೊಳ್ಳುವ ಪುಟ್ಟಸ್ವಾಮಿ, ಗ್ರೈಂಡಿಂಗ್ ವಿಭಾಗದ ನೀಲವ್ವ.

ಈ ಇಬ್ಬರ ನಡುವೆ ಆಗಲೇ ಒಂದು ಯುದ್ಧ ನಡೆಯುತ್ತಿತ್ತು. ಅದನ್ನು ಮೊದಲು ಹೇಳಿಬಿಡಬೇಕು.

ನೀಲವ್ವ ರಾಯಚೂರು ಕಡೆಯವಳು. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿಲ್ಲ. ಗ್ರೈಂಡಿಂಗ್ ಎಂದರೆ ತಿರುಗುವ ಕಲ್ಲಿಗೆ ಕಬ್ಬಿಣವನ್ನು ಒತ್ತಿ ಹಿಡಿಯುವುದು. ದೀಪಾವಳಿಯ ಸುರುಸುರು ಬತ್ತಿಯನ್ನು ದಿನವಿಡೀ ಮುಖದ ಮುಂದೆ ಹಿಡಿದುಕೊಂಡ ಹಾಗೆ ಕಿಡಿ. ಅದಕ್ಕೆ ಹಣೆಯಿಂದ ಗಲ್ಲದವರೆಗೆ ಇಳಿಬೀಳುವ ಪಾರದರ್ಶಕ ಫೇಸ್ ಶೀಲ್ಡ್ ಹಾಕಿಕೊಳ್ಳಬೇಕು. ನೀಲವ್ವನಿಗೆ ಅದಿಲ್ಲ. ದುಪಟ್ಟಾವನ್ನು ಮೂಗಿನ ಮೇಲೆ ಬಿಗಿದು, ಫುಟ್‌ಪಾತಿನಲ್ಲಿ ಕೊಂಡ ಕಪ್ಪು ಕೂಲಿಂಗ್ ಗ್ಲಾಸ್ ಏರಿಸಿಕೊಂಡು ಕೆಲಸ ಮಾಡುತ್ತಾಳೆ. ದೂರದಿಂದ ನೋಡಿದರೆ ಬ್ಯಾಂಕ್ ದರೋಡೆಗೆ ಹೊರಟವಳ ಹಾಗೆ ಕಾಣುತ್ತಾಳೆ. ಹತ್ತಿರದಿಂದ ನೋಡಿದರೆ ಎಡಗಣ್ಣಿನ ಕೆಳಗೆ ಒಂದು ಸುಟ್ಟ ಕಲೆ. ಕಿಡಿ ಅಕ್ಕಿಕಾಳಿನಷ್ಟು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು.

ಸ್ಟೋರ್ಸ್‌ನಲ್ಲಿ ಫೇಸ್ ಶೀಲ್ಡ್ ಇಲ್ಲವೇ? ಧಾರಾಳವಾಗಿವೆ. ಬೀರುವಿನಲ್ಲಿ, ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ, ಮದುಮಗಳ ಹಾಗೆ ಕೂತಿವೆ. ಬೀರುವಿನ ಕೀ ಪುಟ್ಟಸ್ವಾಮಿಯ ಸೊಂಟದಲ್ಲಿ. ಪುಟ್ಟಸ್ವಾಮಿ ಕೆಟ್ಟವನಲ್ಲ, ನಿಯಮವಂತ. (ಎರಡರಲ್ಲಿ ಯಾವುದು ಹೆಚ್ಚು ಅಪಾಯ ಎಂಬುದು ಬೇರೆ ಚರ್ಚೆ.) ಅವನ ನಿಯಮ ಒಂದೇ: ಹಳೆಯದನ್ನು ತಂದು ಒಪ್ಪಿಸಿದರೆ ಹೊಸದು.

“ನಾ ಹೊಸಾಕಿ ಅದೀನ್ರಿ ಸರ. ನನ್ ಕಡೆ ಹಳೇದು ಎಲ್ಲಿಂದ ಬರ್ಬೇಕು?” ಇದು ನೀಲವ್ವನ ವಾದ.

“ನಿನಗಿಂತ ಮುಂಚೆ ಆ ಮೆಷಿನ್ನಲ್ಲಿ ಒಬ್ಬ ಇದ್ನಲ್ಲಮ್ಮ, ಅವನು ವಾಪಸ್ ಕೊಡದೆ ಹೊರಟ್ಹೋದ. ಅವನನ್ನ ಹುಡುಕ್ಕೊಂಡ್ ಬಾ.”

“ಅಂವ ಯಾರಂತನ ನಂಗೊತ್ತಿಲ್ರಿ. ಬಸ್‌ಸ್ಟ್ಯಾಂಡಿನ್ಯಾಗ ನಿಂತು ಕೂಗ್ಲೇನು?”

ನಾನೂ ಮಧ್ಯೆ ಬಾಯಿ ಹಾಕಿ ನೋಡಿದೆ. “ಸಾರ್, ನೀವು ಕ್ವಾಲಿಟಿ ನೋಡ್ಕೊಳ್ಳಿ. ಕ್ವಾಂಟಿಟಿ ನಾನ್ ನೋಡ್ಕೋತೀನಿ” ಎಂದ ಪುಟ್ಟಸ್ವಾಮಿ. ಹಾಗೆ ನೋಡಿದರೆ ಉಳಿದ ಗ್ರೈಂಡಿಂಗ್‌ನವರ ಬಳಿ ಶೀಲ್ಡು ಇದೆ. ಗೀರು ಬಿದ್ದು ಬಿದ್ದು ಮಂಜುಗಟ್ಟಿ, ಹಾಕಿಕೊಂಡರೆ ಎದುರಿನ ಕಲ್ಲೇ ಕಾಣುವುದಿಲ್ಲ. ಬದಲಿಸಿಕೊಡು ಎಂದರೆ ‘ಇನ್ನೂ ನಡೆಯುತ್ತೆ’ ಎನ್ನುತ್ತಾನೆ ಪುಟ್ಟಸ್ವಾಮಿ. ಆದ್ದರಿಂದ ಅವರು ಅದನ್ನು ಹಣೆಯ ಮೇಲಕ್ಕೆ ತಳ್ಳಿ, ಕಿರೀಟದ ಹಾಗೆ ಧರಿಸಿ, ಬರಿಗಣ್ಣಿನಲ್ಲಿ ಕೆಲಸ ಮಾಡುತ್ತಾರೆ.

ಇಂಥ ತಂಡ ಯುದ್ಧಕ್ಕೆ ಕೂತಿತು. ಕಾನ್ಫರೆನ್ಸ್ ರೂಮಿನ ಗೋಡೆಯ ಪರದೆಯ ಮೇಲೆ ವೈಟ್‌ಫೀಲ್ಡಿನಿಂದ ಶ್ರೇಯಾ ಮೇಡಂ ಪ್ರತ್ಯಕ್ಷರಾದರು.

“ಹಾಯ್ ಪೀಣ್ಯ! ಸೋ ಎಕ್ಸೈಟೆಡ್! ಬಿಗಿನರ್ಸ್‌ಗೆ ಫಸ್ಟ್ ರೂಲ್ ಹೇಳ್ಬಿಡ್ತೀನಿ. ಆರ್ಮರ್, ಶೀಲ್ಡ್ ಇಲ್ದೆ ಯಾರೂ ಕೋಟೆ ಗೇಟ್ ಆಚೆ ಹೋಗೋ ಹಾಗೇ ಇಲ್ಲ. ಸಿಸ್ಟಮ್ಮೇ ಬಿಡಲ್ಲ. ಸೇಫ್ಟಿ ಫಸ್ಟ್, ಓಕೆ?”

ನೀಲವ್ವ ನನ್ನ ಕಡೆ ನೋಡಿದಳು. ನಾನು ಕೀಬೋರ್ಡ್ ನೋಡಿದೆ.

ಕವಚ ಆರಿಸುವುದು ಸುಲಭವಲ್ಲ ಸ್ವಾಮಿ. ಚರ್ಮದ್ದು, ಸರಪಳಿ ಹೆಣೆದದ್ದು, ತಗಡಿನದು, ಅಚ್ಚ ಕಬ್ಬಿಣದ್ದು. ಗುರಾಣಿಯಲ್ಲಿ ತಟ್ಟೆಯಷ್ಟಿದ್ದದ್ದು, ಮೊರದಷ್ಟಿದ್ದದ್ದು, ಬಾಗಿಲಿನಷ್ಟಿದ್ದದ್ದು. ಮದುವೆ ಸೀರೆ ಆರಿಸಿದಷ್ಟು ಹೊತ್ತು ನೋಡಿದೆ. ಪಾತ್ರೆ ಅಂಗಡಿಯಲ್ಲಿ ಬೆರಳಿನಿಂದ ತಟ್ಟಿ, ಅಂಗೈಯಲ್ಲಿ ತೂಗಿ ಕೊಂಡ ತಲೆಮಾರು ನಮ್ಮದು. ಭಾರ ಇದ್ದದ್ದು ಬಾಳಿಕೆ ಬರುತ್ತದೆ. ನನ್ನ ಸ್ಕೂಟರಿನ ಹೆಲ್ಮೆಟ್ಟನ್ನೂ ಹೀಗೇ ಆರಿಸಿದ್ದೆ, ಅಂಗಡಿಯಲ್ಲಿದ್ದ ಅತಿ ಭಾರದ್ದು. (ಅದರ ವಿಚಾರ ಈಗ ಬೇಡ.) ಅಚ್ಚ ಕಬ್ಬಿಣ ಮತ್ತು ಬಾಗಿಲು ಎಂದು ಒತ್ತಿದೆ. ನನ್ನ ಯೋಧ ಗೋದ್ರೇಜಿನ ಬೀರುವಿನ ಹಾಗೆ ನಿಂತ. ಓಡು ಎಂದರೆ ನಡೆದ, ನಡೆ ಎಂದರೆ ಯೋಚಿಸಿದ. ಎದುರಿಗೆ ಗುರಾಣಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸೇತುವೆಯ ವಿಚಾರ ಆಗಲೇ ಹೇಳಿದ್ದೇನೆ.

ನೀಲವ್ವ ಆರಿಸಿದ್ದು ಇನ್ನೂ ವಿಚಿತ್ರ. ಬಲಗೈಗೊಂದು ಗುರಾಣಿ, ಎಡಗೈಗೊಂದು ಗುರಾಣಿ.

“ಕತ್ತಿ ಎಲ್ಲಮ್ಮ? ಹೊಡೆಯೋದು ಹೇಗೆ?” ಎಂದೆ.

“ನೀವ್ ಹೊಡೀರಿ ಸರ. ಶೀಲ್ಡ್ ಸಿಕ್ಕಾಗ ತಗೋಬೇಕು. ನಾ ಮೊದ್ಲು ನನ್ ಮಾರಿ ಕಾಯ್ಕೊಂತೀನಿ.” ಮುಖಕ್ಕೆ ಅವರ ಕಡೆ ಮಾರಿ ಎನ್ನುತ್ತಾರೆ. ಅವಳ ಯೋಧೆ ಎರಡೂ ಗುರಾಣಿಗಳನ್ನು ಮುಖಕ್ಕೆ ಅಡ್ಡ ಹಿಡಿದು ನಿಂತಳು. ನಗಬೇಕೆನಿಸಿತು, ನಗು ಬರಲಿಲ್ಲ.

ಪುಟ್ಟಸ್ವಾಮಿ? ಆಟದಲ್ಲಿ ತಂಡಕ್ಕೊಂದು ಪೆಟ್ಟಿಗೆ ಇರುತ್ತದೆ. ದಾರಿಯಲ್ಲಿ ಸಿಕ್ಕ ಒಳ್ಳೊಳ್ಳೆಯ ಕವಚ, ಗುರಾಣಿ ಎಲ್ಲ ಅದರೊಳಗೆ. ಅದರ ಕೀ ಒಬ್ಬರ ಕೈಯಲ್ಲಿ. “ಪುಟ್ಟಸ್ವಾಮಿ ಅವ್ರೇ, ನೀವು ಸ್ಟೋರ್ಸ್ ಅಲ್ವಾ, ನೀವೇ ಇಟ್ಕೊಳ್ಳಿ!” ಎಂದರು ಮೇಡಂ. ಇತಿಹಾಸದಲ್ಲಿ ಕೆಲವು ನಿರ್ಧಾರಗಳು ಹೀಗೆ ನಗುನಗುತ್ತಲೇ ಆಗಿಹೋಗುತ್ತವೆ.

ಕೀ ಕೈಗೆ ಬಂದ ಕ್ಷಣ ಪುಟ್ಟಸ್ವಾಮಿಯ ಬೆನ್ನು ನೆಟ್ಟಗಾಯಿತು. ಮೊದಲ ಆಜ್ಞೆ: “ನೀಲವ್ವ, ಒಬ್ಬರಿಗೆ ಒಂದೇ. ಇನ್ನೊಂದು ಪೆಟ್ಟಿಗೆಗೆ ಹಾಕು.” ಹಾಕಿದಳು. ಆಮೇಲೆ ಕಾಡಿನಲ್ಲಿ ಬೆಳ್ಳಿಯ ಗುರಾಣಿ ಸಿಕ್ಕಿತು, ಪೆಟ್ಟಿಗೆಗೆ. ಗುಹೆಯಲ್ಲಿ ಹೊಳೆಯುವ ಎದೆಕವಚ ಸಿಕ್ಕಿತು, ಅದೂ ಪೆಟ್ಟಿಗೆಗೆ. ಗುರಾಣಿಯ ಅಂಚಿನಲ್ಲಿ ಒಂದು ಹಸಿರು ಗೆರೆ ಇರುತ್ತದೆ; ಪೆಟ್ಟು ಬಿದ್ದ ಹಾಗೆಲ್ಲ ಅದು ಸವೆಯುತ್ತದೆ. ಆ ಗೆರೆ ಸವೆಯುವುದನ್ನು ಪುಟ್ಟಸ್ವಾಮಿಗೆ ನೋಡಲಾಗಲಿಲ್ಲ. ತನ್ನ ಗುರಾಣಿಯನ್ನೂ ಬಿಚ್ಚಿ ಪೆಟ್ಟಿಗೆಯೊಳಗಿಟ್ಟು, ಕೋಟೆಯೊಳಗೆ ಬರಿಗೈಯಲ್ಲಿ ಅದರ ಮುಂದೆ ಕಾವಲು ನಿಂತ. ಬಾಣಗಳು ಬಂದು ಚುಚ್ಚಿದವು. ಸತ್ತ. ಎದ್ದ. ಮತ್ತೆ ಅಲ್ಲೇ ಹೋಗಿ ನಿಂತ. ಸ್ವಾಮಿಭಕ್ತಿ ಎಂದರೆ ಇದು.

ನಗಬೇಡಿ. ನಿಮ್ಮ ಮನೆಯ ಸೋಫಾದ ಪ್ಲಾಸ್ಟಿಕ್ ತೆಗೆದಿದ್ದೀರಾ? ಟಿವಿ ರಿಮೋಟಿಗೆ ರೇನ್‌ಕೋಟು ತೊಡಿಸಿದವರು ಯಾರು? ಶೋಕೇಸಿನ ಆ ಗಾಜಿನ ಲೋಟಗಳಲ್ಲಿ ನೀವೇ ಒಂದು ದಿನ ನೀರು ಕುಡಿದದ್ದುಂಟೇ? ನಮ್ಮಲ್ಲಿ ವಸ್ತು ಮನುಷ್ಯನನ್ನು ಕಾಯುವುದಿಲ್ಲ. ಮನುಷ್ಯನೇ ವಸ್ತುವನ್ನು ಕಾಯುತ್ತಾನೆ, ಸಾಯುವವರೆಗೆ. ಆಮೇಲೆ ಅದನ್ನು ಮಗಳಿಗೆ ಕೊಡುತ್ತಾರೆ, ಕವರ್ ಸಮೇತ.

ಅಷ್ಟರಲ್ಲಿ ನೀಲವ್ವನ ಗುರಾಣಿ ಒಡೆಯಿತು. ಆಟದಲ್ಲಿ ಒಡೆದ ಗುರಾಣಿ ಮಾಯವಾಗಿಬಿಡುತ್ತದೆ. ಅವಳು ಓಡಿ ಬಂದಳು.

“ಸರ, ಬೇರೇದು ಕೊಡ್ರಿ ಲಗೂನ.”

“ಒಡೆದದ್ದು ಎಲ್ಲಿ?”

“ಮಾಯ ಆತ್ರಿ!”

“ಹಾಗಾದ್ರೆ ಬರಲ್ಲಮ್ಮ.”

“ಪುಟ್ಟಸ್ವಾಮಿ, ಇದು ಆಟ ಕಣಯ್ಯ!” ಎಂದು ನಾನು ಕಿರುಚಿದೆ.

“ಆಟಕ್ಕೂ ಒಂದು ರೂಲ್ಸ್ ಬೇಡ್ವಾ ಸಾರ್?” ಎಂದ, ಶಾಂತವಾಗಿ. ನೀಲವ್ವ ಅವನ ಕಣ್ಣೆದುರೇ ಸತ್ತಳು.

ಮತ್ತೆ ಹುಟ್ಟಿದ ನೀಲವ್ವ ನೇರ ಯುದ್ಧಭೂಮಿಗೆ ಹೋಗಲಿಲ್ಲ. ಕೋಟೆ ಗೇಟಿನ ಒಳಗೇ ಸತ್ತುಬಿದ್ದಿದ್ದ ಎಲೆಕ್ಟ್ರಾನಿಕ್ ಸಿಟಿಯ ಯೋಧನೊಬ್ಬನ ಪಕ್ಕ ಕೂತು, ಅವನ ಮುರುಕು ಮರದ ಗುರಾಣಿಯನ್ನು ಎತ್ತಿಕೊಂಡು ಬಂದಳು.

“ತಗೋರಿ ಸರ. ಹಳೇದು. ಹೊಸದು ಕೊಡ್ರಿ.”

ಪುಟ್ಟಸ್ವಾಮಿ ಮೌಸ್ ಹಿಡಿದು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಮುಖ ಅರಳಿತು. “ನೋಡಿ ಸಾರ್, ಹೀಗೆ ಕೇಳಿದ್ರೆ ಯಾರು ಬೇಡ ಅಂತಾರೆ?” ಎಂದು ಬೆಳ್ಳಿಯ ಗುರಾಣಿಯನ್ನೇ ತೆಗೆದುಕೊಟ್ಟ. “ವಾವ್, ಸೂಪರ್ ಟೀಮ್‌ವರ್ಕ್!” ಎಂದು ವೈಟ್‌ಫೀಲ್ಡ್ ಚಪ್ಪಾಳೆ ತಟ್ಟಿತು.

ಸೋತೆವು, ಅದನ್ನೇನು ಕೇಳುತ್ತೀರಿ. ಗೆದ್ದವರು ನಮ್ಮ ಪೆಟ್ಟಿಗೆ ಒಡೆದರು. ಒಳಗಿದ್ದ ಕವಚ, ಗುರಾಣಿಗಳನ್ನೆಲ್ಲ ಹೊತ್ತುಕೊಂಡು ಹೋದರು. ಪುಟ್ಟಸ್ವಾಮಿಗೆ ದುಃಖವಾಗಿತ್ತು. ಆದರೂ ಸ್ವರದಲ್ಲಿ ಒಂದು ಹೆಮ್ಮೆಯಿತ್ತು. “ಒಂದಕ್ಕೂ ಒಂದು ಗೀರು ಇರಲಿಲ್ಲ ಸಾರ್. ನೋಡಿದ್ರಲ್ಲ?”

ಸೋಮವಾರ ನೀಲವ್ವ ಮತ್ತೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕಲ್ಲಿನ ಮುಂದೆ ನಿಂತಳು. ಸತ್ತರೂ ಎದ್ದು ಬರುವ ಜಾಗದಲ್ಲಿ ಶೀಲ್ಡ್ ಕಡ್ಡಾಯವಾಗಿತ್ತು. ಇಲ್ಲಿ ಸಿಸ್ಟಮ್ಮು ಬಿಟ್ಟಿತು.

ಆಮೇಲೆ ಬಂತು ನೋಡಿ, ಕಸ್ಟಮರ್ ಆಡಿಟ್.

ಮಾಲು ಕೊಳ್ಳುವ ಕಂಪನಿಯವರು ಬಂದು ನೋಡುವ ಈ ಆಡಿಟ್ ಎಂದರೆ ಕಾರ್ಖಾನೆಗೆ ಹೆಣ್ಣು ನೋಡುವ ಶಾಸ್ತ್ರ. ನೆಲದ ಹಳದಿ ಗೆರೆಗೆ ಹೊಸ ಬಣ್ಣ ಬರುತ್ತದೆ. ಟಾಯ್ಲೆಟ್ಟಿಗೆ ಸೋಪು ಬರುತ್ತದೆ. ಬೆಳಿಗ್ಗೆ ಪುಟ್ಟಸ್ವಾಮಿ ಬೀರು ತೆರೆದು, ಕವರ್ ಬಿಚ್ಚಿ, ಗ್ರೈಂಡಿಂಗ್‌ನವರಿಗೆಲ್ಲ ಫಳಫಳಿಸುವ ಫೇಸ್ ಶೀಲ್ಡ್ ಹಂಚಿದ. “ಸಂಜೆ ವಾಪಸ್. ಹುಷಾರು, ಗೀರು ಬೀಳಬಾರ್ದು.” ಕಿಡಿ ಹಾರುವ ಜಾಗದಲ್ಲಿ ಕಿಡಿ ತಾಗಬಾರದ ಶೀಲ್ಡು! ಬಂದವರು ನೋಡಿದರು, ಮೆಚ್ಚಿದರು, ಊಟ ಮಾಡಿ ಹೋದರು. ನೀಲವ್ವ ಮಾತ್ರ ಅಂದು ಎಂದಿಗಿಂತ ಹೆಚ್ಚು ಜೋರಾಗಿ ಕಬ್ಬಿಣ ಒತ್ತಿದ್ದನ್ನು ನಾನು ಗಮನಿಸಿದೆ. ಕಿಡಿ ಮಳೆಯ ಹಾಗೆ ಸುರಿಯುತ್ತಿತ್ತು. ಕಾರಣ ಸಂಜೆ ತಿಳಿಯಿತು.

ಸ್ಟೋರ್ಸ್ ಕಿಟಕಿಯಲ್ಲಿ ಮೊದಲು ನಿಂತವಳು ಅವಳೇ. ಶೀಲ್ಡನ್ನು ಕಟ್ಟೆಯ ಮೇಲಿಟ್ಟಳು.

“ತಗೋರಿ ಸರ. ಹಳೇದು.”

“ಜಾಣೆ,” ಎಂದು ಪುಟ್ಟಸ್ವಾಮಿ ಎತ್ತಿಕೊಂಡ. ಅವಳು ಕದಲಲಿಲ್ಲ.

“ಹೊಸದು ಕೊಡ್ರಿ.”

“ಏನು?”

“ಹಳೇದು ಕೊಟ್ರ ಹೊಸದು ಅಂದೀರಲ್ಲ. ಕೊಟ್ಟೀನಿ.”

“ಏಯ್, ಇದು ಹಳೇದಲ್ಲ ಕಣಮ್ಮ! ಬೆಳಿಗ್ಗೆ ತಾನೆ ನಾನೇ ಕವರ್ ಬಿಚ್ಚಿ ಕೊಟ್ಟಿದ್ದು!”

“ಮುಂಜಾನಿ ಹೊಸದಿತ್ರಿ. ಈಗ ಹಳೇದಾತು. ಕಣ್ಣಿಗೆ ಹಚ್ಕೊಂಡು ನೋಡ್ರಿ.”

ಅವಳ ಹಿಂದೆ ಸಾಲು ಬೆಳೆದಿತ್ತು. ಗ್ರೈಂಡಿಂಗ್‌ನ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ‘ಹಳೇ’ ಶೀಲ್ಡ್. ಪುಟ್ಟಸ್ವಾಮಿ ನನ್ನನ್ನು ಕೂಗಿದ. “ಸಾರ್, ನೀವು ಕ್ವಾಲಿಟಿ. ನೀವೇ ಹೇಳಿ, ಇದು ಹೊಸದೋ ಹಳೇದೋ?”

ನನ್ನ ವೃತ್ತಿಜೀವನದಲ್ಲಿ ಇಷ್ಟು ಗಂಭೀರವಾದ ತಪಾಸಣೆ ಮಾಡಿಲ್ಲ. ಕನ್ನಡಕ ಒರೆಸಿಕೊಂಡೆ. ಶೀಲ್ಡನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಮೈತುಂಬ ಸಣ್ಣ ಸಣ್ಣ ಸುಟ್ಟ ಚುಕ್ಕೆ. ಎಡಗಣ್ಣು ಬರುವ ಜಾಗದಲ್ಲಿ ಸರಿಯಾಗಿ ಒಂದು ದೊಡ್ಡದು, ಪ್ಲಾಸ್ಟಿಕ್ಕನ್ನೇ ಕರಗಿಸಿದ್ದು. ಅದರ ಮೇಲೆ ಬೆರಳಾಡಿಸಿದೆ. ಆ ಚುಕ್ಕೆಯನ್ನು ನೀಲವ್ವನೂ ನೋಡಿದ್ದಳು.

“ಹಳೇದು,” ಎಂದು ತೀರ್ಪು ಕೊಟ್ಟೆ.

ಪುಟ್ಟಸ್ವಾಮಿ ಒಮ್ಮೆ ಶೀಲ್ಡನ್ನು, ಒಮ್ಮೆ ಸಾಲನ್ನು ನೋಡಿದ. ನಿಯಮದ ಎದುರು ನಿಯಮವೇ ಬಂದು ನಿಂತರೆ ನಿಯಮವಂತ ಏನು ಮಾಡಬೇಕು? ಸೊಂಟದಿಂದ ಕೀ ತೆಗೆದ. ಬೀರು ಬಾಗಿಲು ಕಿರ್ ಎಂದಿತು. “ಕವರ್ ಬಿಚ್ಬೇಡಮ್ಮ,” ಎಂದು ಗೊಣಗುತ್ತ ಹೊಸದೊಂದನ್ನು ಅವಳ ಮುಂದಿಟ್ಟ. ಅವಳು ಅಲ್ಲೇ, ಅವನ ಕಣ್ಣೆದುರೇ, ಕವರನ್ನು ಪರ್ರನೆ ಹರಿದಳು.

ಮಾಡಬಾರದ ಒಂದು ಒಳ್ಳೆಯ ಕೆಲಸ ಮಾಡಿದ ಹುರುಪಿನಲ್ಲಿ, ಎದೆಯುಬ್ಬಿಸಿಕೊಂಡು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಗೇಟಿನ ಹತ್ತಿರ ನೀಲವ್ವ ಶೇರ್ ಆಟೋಕ್ಕೆ ಕಾಯುತ್ತಿದ್ದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಸರ, ಹೆಲ್ಮೆಟ್ ಮೊಣಕೈಗೆ ಹಾಕೀರಲ್ರಿ?”

“ತಲೆಗೆ ಭಾರ ಕಣಮ್ಮ. ಎಂಟನೇ ಮೈಲಿ ಸಿಗ್ನಲ್ ಹತ್ರ ಹಾಕ್ಕೋತೀನಿ.”

“ಯಾಕ್ರಿ ಸರ, ಅಲ್ಲಿ ಆಡಿಟ್ ಐತೇನು?”