ಅಗಿಯದ ಮುದ್ದೆಯ ಸಕ್ಕರೆ

ಬೆಳಿಗ್ಗೆ ಹುರುಳಿಕಾಯಿ ಹೆಚ್ಚುತ್ತ ಕೈ ಕೊಯ್ದುಕೊಂಡೆ. ಇಪ್ಪತ್ತು ವರ್ಷಗಳಿಂದ ಕಾಲೇಜಿನ ಮಕ್ಕಳಿಗೆ ಗಾಜಿನ ಕೊಳವೆಯನ್ನು ಜೋಪಾನವಾಗಿ ಹಿಡಿಯುವುದು ಹೇಗೆಂದು ಹೇಳಿಕೊಡುವ ನನಗೆ ಚಾಕು ಹಿಡಿದಾಗ ಮಾತ್ರ ಆ ಬುದ್ಧಿ ಇರುವುದಿಲ್ಲ. ರಸಾಯನಶಾಸ್ತ್ರದ ಮೇಷ್ಟ್ರ ಮನೆಯಲ್ಲಿ ಅರಿಶಿನಕ್ಕಿಂತ ಮೊದಲು ಅಯೋಡಿನ್ ಕೈಗೆ ಸಿಗುತ್ತದೆ. ಬೆರಳಿಗೆ ಹಚ್ಚಿಕೊಳ್ಳುವಾಗ ಒಂದು ಹನಿ ಜಾರಿ, ಕಟ್ಟೆಯ ಮೇಲೆ ಚೆಲ್ಲಿದ್ದ ನಾಲ್ಕು ಅಗುಳು ಅನ್ನದ ಮೇಲೆ ಬಿತ್ತು. ನೋಡುನೋಡುತ್ತಿದ್ದಂತೆ ಅನ್ನ ಕಡುನೀಲಿಯಾಯಿತು.

ಈ ನೀಲಿಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ವರ್ಷ ತರಗತಿಯಲ್ಲಿ ತೋರಿಸುತ್ತೇನೆ. ಅನ್ನದಲ್ಲಿ, ರಾಗಿಯಲ್ಲಿ, ಆಲೂಗಡ್ಡೆಯಲ್ಲಿ ಇರುವ ಪಿಷ್ಟವೆಂಬುದು ಗ್ಲೂಕೋಸಿನ ಉದ್ದನೆಯ ಸರ. ಆ ಸರ ಸುಮ್ಮನೆ ನೆಟ್ಟಗಿರದೆ ಸುರುಳಿ ಸುತ್ತಿಕೊಂಡಿರುತ್ತದೆ. ಅಯೋಡಿನ್ ಆ ಸುರುಳಿಯೊಳಗೆ ನುಸುಳಿ ಕುಳಿತಾಗ ಈ ಬಣ್ಣ ಬರುತ್ತದೆ. ಇಷ್ಟು ಹೇಳಿ ಬೋರ್ಡು ಒರೆಸಿ ಮುಂದೆ ಹೋಗುತ್ತೇನೆ. ಆದರೆ ಮನೆಯಲ್ಲಿ, ಹೀಗೆ ಕರೆಯದೆ ಬಂದ ನೀಲಿಯನ್ನು ಕಂಡರೆ ಮುಂದೆ ಹೋಗಲು ಕಾಲು ಬರುವುದಿಲ್ಲ. ನೀವೂ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಹುರುಳಿಕಾಯಿ ಎಲ್ಲಿಗೂ ಓಡಿಹೋಗುವುದಿಲ್ಲ.

ಹೊಸದುರ್ಗದ ಕಾಲೇಜಿನಲ್ಲಿ ನನಗೆ ಮೊದಲ ಕೆಲಸ ಸಿಕ್ಕಾಗ ಬಾಗೂರಿನಲ್ಲಿದ್ದ ರಂಗತ್ತೆಯ ಮನೆಯಲ್ಲಿ ಉಳಿದುಕೊಂಡಿದ್ದೆ. ರಂಗತ್ತೆ ನಮ್ಮಪ್ಪನ ಅಕ್ಕ. ಮಗ, ಸೊಸೆ, ಅರವತ್ತು ಕುರಿ, ಆರೇಳು ಕೋಳಿ, ಇಷ್ಟು ಅವಳ ಸಂಸಾರ. ಮಗ ಹೊಲ ನೋಡಿಕೊಂಡರೆ ಕುರಿ ಅವಳದು. ಬೆಳಿಗ್ಗೆ ನಾನು ಬಸ್ಸಿಗೆ ಹೊರಟರೆ ಅವಳು ಕುರಿ ಮೇಯಿಸಲು ಬೀಳಿಗೆ ಹೊರಡುತ್ತಿದ್ದಳು. ನಾನು ದಿನಕ್ಕೆ ನಾಲ್ಕು ಪಾಠ ಮಾಡಿ ಸುಸ್ತಾಗಿ ಬರುತ್ತಿದ್ದೆ. ಅವಳು ಎಂಟು ಮೈಲಿ ನಡೆದು ನಗುತ್ತ ಬರುತ್ತಿದ್ದಳು.

ಚಿತ್ರದುರ್ಗದ ಪೇಟೆಯಲ್ಲಿ ಚಪಾತಿ ತಿಂದು ಬೆಳೆದ ನಾನು ಮೊದಲ ದಿನವೇ ನಗೆಪಾಟಲಾದೆ. ಮುದ್ದೆಯ ತುತ್ತನ್ನು ಬಾಯಿಗಿಟ್ಟು ಅಗಿಯುತ್ತ ಕುಳಿತಿದ್ದೆ. ರಂಗತ್ತೆ ಸೊಸೆಯನ್ನು ಕರೆದು ತೋರಿಸಿದಳು.

"ಇಲ್ನೋಡೇ, ನಮ್ ಮೇಷ್ಟ್ರಮ್ಮ ಮೆಲುಕು ಹಾಕ್ತಾ ಕುಂತೈತೆ. ನುಂಗಬೇಕು ಕಣವ್ವ. ಸಾರಾಗೆ ಅದ್ದು, ಬಾಯಾಗಿಡು, ಬಿಡು. ಹಲ್ಲಿಗ್ಯಾಕೆ ಕೆಲ್ಸ ಕೊಡ್ತೀಯ?"

ಅಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಅಗಿದರೆ ಹಲ್ಲಿಗೆ ಅಂಟುತ್ತದೆ, ರುಚಿ ಕೆಡುತ್ತದೆ ಎನ್ನುತ್ತಾರೆ. ಒಂದು ತಿಂಗಳು ಗಂಟಲು ಹಿಡಿದುಕೊಂಡು ಒದ್ದಾಡಿ ನಾನೂ ನುಂಗಲು ಕಲಿತೆ.

ಆ ವರ್ಷವೇ ರಂಗತ್ತೆಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ಮಾತ್ರೆ ಕೊಟ್ಟು, ಬೆಲ್ಲ, ಸಕ್ಕರೆ ಬಿಡಿಸಿ, ಹೊತ್ತಿಗೆ ಎರಡು ಮುದ್ದೆಯ ಬದಲು ಒಂದೇ ಉಣ್ಣಬೇಕೆಂದರು. ಬೆಲ್ಲ ಬಿಡುವುದಕ್ಕೆ ಅವಳು ಚಕಾರ ಎತ್ತಲಿಲ್ಲ. ಮುದ್ದೆಯ ಮಾತಿಗೆ ಮಾತ್ರ ಮುಖ ಸಣ್ಣದಾಯಿತು.

"ಅಲ್ಲ ಕಣವ್ವ, ಮುದ್ದೆ ಸಿಹಿನೇ ಇಲ್ವಲ್ಲ. ಅದ್ರಾಗೆ ಸಕ್ಕರೆ ಎಲ್ಲಿಂದ ಬಂತು? ನೀನು ಓದಿದೋಳು, ಹೇಳು ನೋಡಾಣ."

ಹೊಸ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೆ? ಆ ಸಂಜೆಗಳು ಈಗಲೂ ನನ್ನ ಕಣ್ಣ ಮುಂದೆ ತೇಲಿ ಬರುತ್ತವೆ. ಕುರಿಗಳು ಹಟ್ಟಿ ಸೇರಿದ ಮೇಲೆ ಧೂಳು ಇನ್ನೂ ಗಾಳಿಯಲ್ಲೇ ನಿಂತಿರುತ್ತಿತ್ತು. ಆ ಧೂಳಿಗೆ ಬಿಸಿಲು ಬಿದ್ದು ಊರೆಲ್ಲ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತಿತ್ತು. ಜಗಲಿಯ ಮೇಲೆ ರಂಗತ್ತೆ ಕಾಲು ಚಾಚಿ ಕೂರುತ್ತಿದ್ದಳು, ನಾನು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಚಿತ್ರ ಬರೆಯುತ್ತಿದ್ದೆ.

ಸಕ್ಕರೆಯನ್ನು ಬಾಣಲೆಯಲ್ಲಿ ಹೊತ್ತಿಸಿ ತೋರಿಸಿದೆ. ಆವಿ ಹೋಯಿತು, ಕರಿ ಉಳಿಯಿತು. "ಇಷ್ಟೇ ಅತ್ತೆ, ಸಕ್ಕರೆ ಅಂದ್ರೆ ಇಂಗಾಲ, ಜೊತೆಗೆ ನೀರಿನಲ್ಲಿರೋ ಸಾಮಾನು" ಎಂದೆ. ಅವಳು ಬಾಣಲೆಯ ತಳವನ್ನು ನೋಡಿ, ಉಜ್ಜುವವರು ಯಾರು ಎಂದು ಕೇಳಿದಳು. ಗ್ಲೂಕೋಸಿನ ಆರು ಇಂಗಾಲಗಳನ್ನು ಆರು ಬೆಣಚುಕಲ್ಲಿನಿಂದ ಜೋಡಿಸಿದೆ. ಐದು ಕಲ್ಲು ಒಂದು ಆಮ್ಲಜನಕವನ್ನು ಸೇರಿಸಿಕೊಂಡು ಉಂಗುರವಾಗಿ ಕೂರುತ್ತವೆ, ಆರನೆಯದು ಹೊರಗೆ ಉಳಿಯುತ್ತದೆ. "ನನ್ನಂಗೆ, ಜಗಲಿ ಮೇಲೆ" ಎಂದಳು ರಂಗತ್ತೆ. ನೀರಿನಲ್ಲಿ ಆ ಉಂಗುರ ಒಮ್ಮೆ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ, ಹಗಲೂ ರಾತ್ರಿ ಹಾಗೇ ಮಾಡುತ್ತಿರುತ್ತದೆ ಎಂದೆ. ಅವಳು ಎದ್ದುಹೋಗಿ ಬಿಂದಿಗೆಯ ನೀರಿಗೆ ತಟ್ಟೆ ಮುಚ್ಚಿ ಬಂದಳು. ಯಾಕೆಂದು ನಾನು ಕೇಳಲಿಲ್ಲ.

ಪಿಷ್ಟ ಮತ್ತು ಹುಲ್ಲಿನ ನಾರು, ಎರಡೂ ಗ್ಲೂಕೋಸಿನ ಸರವೇ ಎಂಬುದನ್ನು ಕುರಿಗಳನ್ನೇ ಇಟ್ಟು ವಿವರಿಸಿದೆ. ಪಿಷ್ಟದಲ್ಲಿ ಎಲ್ಲ ಕುರಿಗಳೂ ಬೆನ್ನು ಮೇಲೆ ಮಾಡಿಕೊಂಡು ಸಾಲಾಗಿ ಹೋಗುತ್ತವೆ. ನಾರಿನಲ್ಲಿ ಒಂದು ಬಿಟ್ಟು ಒಂದು ಕುರಿ ಅಂಗಾತ. ಅಷ್ಟೇ ವ್ಯತ್ಯಾಸ. ಆ ಅಂಗಾತ ಬಿದ್ದ ಗಂಟನ್ನು ಬಿಚ್ಚುವುದು ನಮ್ಮ ಹೊಟ್ಟೆಗೆ ಗೊತ್ತಿಲ್ಲ. ಕುರಿಯ ಹೊಟ್ಟೆಯಲ್ಲಿ ಅದನ್ನು ಬಿಚ್ಚುವ ಸೂಕ್ಷ್ಮಜೀವಿಗಳಿವೆ.

"ಹಂಗಾರೆ ನನ್ ಕುರಿ ನಿಂಗಿಂತ ಜಾಣವು" ಎಂದಳು ರಂಗತ್ತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕೊನೆಗೆ ಕಾಲೇಜಿನಿಂದ ಸಣ್ಣ ಶೀಶೆಯಲ್ಲಿ ಅಯೋಡಿನ್ ತಂದೆ. ರಾಗಿ ಗಂಜಿಯ ತಿಳಿಯನ್ನು ಸೋಸಿ ಎರಡು ಲೋಟಕ್ಕೆ ಹಾಕಿದೆ. ಒಂದಕ್ಕೆ ಉಗುಳಬೇಕೆಂದೆ. ಎಂಜಲಿನ ಮಾತು ಬಂದದ್ದೇ ರಂಗತ್ತೆ ಮೂಗು ಮುರಿದಳು, ಬೇಡಿಕೊಂಡ ಮೇಲೆ ಉಗುಳಿದಳು. ಒಬ್ಬೊಬ್ಬರು ಒಂದೊಂದು ಲೋಟವನ್ನು ಎರಡೂ ಕೈಯಲ್ಲಿ ಬೆಚ್ಚಗೆ ಹಿಡಿದುಕೊಂಡು ಅರ್ಧ ಗಂಟೆ ಕುಳಿತೆವು. ಆಮೇಲೆ ಹನಿ ಹಾಕಿದೆ. ಬರಿಯ ಗಂಜಿ ಕಡುನೀಲಿಯಾಯಿತು. ಎಂಜಲು ಬಿದ್ದ ಗಂಜಿ ಬಣ್ಣ ತಿರುಗಲೇ ಇಲ್ಲ.

"ನೋಡಿದ್ಯಾ ಅತ್ತೆ? ಬಾಯಿಯ ಎಂಜಲಲ್ಲಿರೋ ಕಿಣ್ವ ಪಿಷ್ಟದ ಸರಾನ ತುಂಡು ಮಾಡಿ ಸಕ್ಕರೆ ಮಾಡಿಬಿಡ್ತು. ಚೆನ್ನಾಗಿ ಅಗಿದ್ರೆ ರಾಗೀನೂ ಸಿಹಿ ಆಗುತ್ತೆ."

"ಅಗಿದ್ರೆ" ಎಂದಳು ರಂಗತ್ತೆ ಮೆಲ್ಲಗೆ. ಅವಳು ನೀಲಿ ಲೋಟವನ್ನೇ ನೋಡುತ್ತಿದ್ದಳು. ನನಗೋ ಪಾಠ ಗೆದ್ದ ಹೆಮ್ಮೆ.

ಮರುದಿನದಿಂದ ಆ ಲೋಟಗಳು ಕೋಳಿಗೆ ನೀರಿಡುವ ಲೋಟಗಳಾದವು. ಒಂದು ವಾರದಲ್ಲಿ ಅವಳ ತಟ್ಟೆಗೆ ಎರಡನೆಯ ಮುದ್ದೆ ವಾಪಸು ಬಂತು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದವಳು ತಲೆಯೆತ್ತಿ, "ಏನತ್ತೆ, ಎರಡು?" ಎಂದೆ.

"ಹಲ್ಲಿಗೆ ಮುಟ್ಟುಸ್ತಾನೇ ಇಲ್ಲ ಬಿಡು" ಎಂದಳು.

ತಮಾಷೆ ಎಂದುಕೊಂಡು ನಕ್ಕೆ. ನಕ್ಕು, ಮತ್ತೆ ಕೆಂಪು ಪೆನ್ನು ಹಿಡಿದೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ನಾಲ್ಕು ಹಾಳೆ ಕಾಗದದಲ್ಲಿ ತಪ್ಪು ಹುಡುಕುತ್ತಿದ್ದವಳಿಗೆ ಎದುರಿಗೇ ಕುಳಿತು ಊಟ ಮಾಡುತ್ತಿದ್ದ ತಪ್ಪು ಕಾಣಲಿಲ್ಲ. ನುಂಗಿದರೂ ಹೊಟ್ಟೆಯೊಳಗೆ ಮುಂದೆ ಅದೇ ಕೆಲಸ ನಡೆಯುತ್ತದೆ, ಮೇದೋಜೀರಕದ ರಸ ಸಣ್ಣ ಕರುಳಿನಲ್ಲಿ ಕಾದು ಕುಳಿತಿರುತ್ತದೆ, ಒಂದು ಉಂಗುರವನ್ನೂ ಬಿಡದೆ ಬಿಡಿಸಿ ರಕ್ತಕ್ಕೆ ಸೇರಿಸುತ್ತದೆ. ಈ ಉಳಿದರ್ಧ ಪಾಠವನ್ನು ನಾನು ಹೇಳಿರಲೇ ಇಲ್ಲ.

ಆರು ತಿಂಗಳಿಗೆ ಅವಳ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಕುರಿ ಕಾಯುವವರಿಗೆ ಅದೇನೂ ಹೊಸದಲ್ಲ. ಆದರೆ ಈ ಸಲ ಗಾಯ ಮಾಯಲಿಲ್ಲ, ಬೆರಳು ಕಪ್ಪಾಯಿತು. ಚಿತ್ರದುರ್ಗದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಬೆರಳು ತೆಗೆಯಲೇಬೇಕು, ತಡವಾದರೆ ಪಾದವೂ ಹೋದೀತು ಎಂದರು ಡಾಕ್ಟರು. ರಕ್ತದ ವರದಿ ನೋಡಿ, "ಊಟ ಏನಮ್ಮ ಮಾಡ್ತಿದ್ರಿ ಇಷ್ಟು ದಿನ?" ಎಂದು ಗದರಿದರು.

"ಮುದ್ದೆ ಸ್ವಾಮಿ. ಅಗೀತಿರ್ಲಿಲ್ಲ, ನುಂಗ್ತಿದ್ದೆ. ಅಗೀದಿದ್ರೆ ಸಕ್ಕರೆ ಆಗಲ್ವಲ್ಲ?"

ಡಾಕ್ಟರು ನಕ್ಕೇಬಿಟ್ಟರು. "ಯಾರಮ್ಮ ನಿಮಗೆ ಹೀಗೆ ಹೇಳಿದ್ದು?"

ರಂಗತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರೋ ಬಸ್ನಾಗೆ ಅಂತಿದ್ರು, ಸ್ವಾಮಿ."

ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ. ಅವಳ ಎಡಗಾಲಿನ ಎರಡನೆಯ ಬೆರಳು ಹೋಯಿತು. ಪಾದ ಉಳಿಯಿತು. ಎರಡು ತಿಂಗಳಿಗೆ ಅವಳು ದಪ್ಪನೆಯ ಚಪ್ಪಲಿ ಮೆಟ್ಟಿ ಮತ್ತೆ ಕುರಿಗಳ ಹಿಂದೆ ಹೊರಟಳು, ನಡಿಗೆಯಲ್ಲಿ ಸಣ್ಣದೊಂದು ವಾಲಾಟ ಮಾತ್ರ ಸೇರಿಕೊಂಡಿತು. ಮುಂದಿನ ವರ್ಷ ನನಗೆ ಹೊಳಲ್ಕೆರೆಗೆ ವರ್ಗವಾಯಿತು, ಇಲ್ಲೇ ಮನೆ ಮಾಡಿದೆ. ಹಬ್ಬಕ್ಕೆ, ಮದುವೆಗೆ ಎಷ್ಟೋ ಸಲ ಭೇಟಿಯಾಗಿದ್ದೇವೆ. ಆ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಸಿಕ್ಕಾಗಲೆಲ್ಲ ನಾನು ಮೊದಲು ನೋಡುವುದು ಅವಳ ಮುಖವನ್ನಲ್ಲ, ಕಾಲನ್ನು.

ಕಟ್ಟೆಯ ಮೇಲಿನ ನೀಲಿ ಅನ್ನ ಒಣಗತೊಡಗಿತ್ತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಾಗೂರಿಗೆ ಫೋನು ಹಚ್ಚಿದೆ. ಅವಳ ಹಿಂದೆ ಕೋಳಿಗಳ ಗದ್ದಲ ಕೇಳಿಸುತ್ತಿತ್ತು.

"ಅತ್ತೆ, ಅವತ್ತು ಲೋಟದಲ್ಲಿ ತೋರ್ಸಿದ್ನಲ್ಲ... ನಾನು ಅರ್ಧ ಮಾತ್ರ ಹೇಳಿದ್ದೆ. ನಿನ್ನ ಬೆರಳು ನನ್ನಿಂದ ಹೋಯ್ತು."

ಅತ್ತ ಕಡೆಯಿಂದ ಅವಳು ನಕ್ಕಳು.

"ಇಷ್ಟು ವರ್ಸ ಅದನ್ನ ಹೊಟ್ಟೆಯಾಗೆ ಇಟ್ಕಂಡಿದ್ಯಾ? ಹುಚ್ಚಿ. ನೀನು ಅರ್ಧ ಹೇಳ್ದೆ, ನಾನೂ ಅರ್ಧನೇ ಕೇಳ್ದೆ ಕಣವ್ವ. ಇನ್ನರ್ಧ ಐತೆ ಅಂತ ನಂಗೆ ಗುಮಾನಿ ಇತ್ತು. ಕೇಳಿದ್ರೆ ಮುದ್ದೆ ಹೋಗ್ತಿತ್ತಲ್ಲ, ಅದುಕ್ಕೆ ಕೇಳ್ಲಿಲ್ಲ."

"ಈಗ ಎಷ್ಟು ಉಣ್ತೀಯ ಅತ್ತೆ?" ಎಂದೆ.

"ಈಗ ಹೊತ್ತಿಗೆ ಅರ್ಧ ಮುದ್ದೆ. ಅಗಿದೇ ಉಣ್ತೀನಿ, ಸೊಸೆ ನಗ್ತಾಳೆ, ನಗ್ಲಿ. ಭಾಳ ಹೊತ್ತು ಅಗಿದ್ರೆ ಕೊನೇಗೆ ಒಂಚೂರು ಸಿಹಿ ಬತ್ತೈತೆ. ನಂಗೆ ಉಳಿದಿರೋ ಸಿಹಿ ಅದೊಂದೇ. ಅದನ್ನ ತೋರ್ಸಿದೋಳು ನೀನೇ ಅಲ್ವಾ? ಸರಿ, ಉಂಡ್ಯಾ?"

ಇನ್ನೂ ಇಲ್ಲ ಎಂದೆ. ಫೋನಿಟ್ಟು, ಕಟ್ಟೆ ಒರೆಸಿ, ಮುದ್ದೆ ತೊಳಸಿದೆ. ಮೊದಲ ತುತ್ತನ್ನು ನುಂಗಲಿಲ್ಲ. ಕಿಟಕಿಯ ಬಳಿ ಕುಳಿತು, ಕಣ್ಣು ಮುಚ್ಚಿ, ಮೆಲುಕು ಹಾಕುವವಳ ಹಾಗೆ ಅಗಿಯುತ್ತ ಕಾದೆ. ಹಲ್ಲಿಗೆ ಅಂಟಿತು, ರುಚಿ ಕೆಟ್ಟಿತು, ಇನ್ನು ಉಗುಳಿಬಿಡೋಣ ಎನ್ನಿಸುವ ಹೊತ್ತಿಗೆ ನಾಲಿಗೆಯ ಬದಿಯಲ್ಲಿ ಸಣ್ಣಗೆ ಸಿಹಿ ಬಂತು.