ಹೊಳೆಯಾಚೆ ನಿಂತ ಅಪ್ಪ

ಮಹಾರಾಜರ ಆಳ್ವಿಕೆಯ ಕಾಲ. ಮದುವೆಯಾದ ವರ್ಷವೇ, ಬೇಸಿಗೆಗೆ, ನನ್ನನ್ನು ಸಾಸ್ವೆಹಳ್ಳಿ ಹತ್ತಿರದ ನಡುಗಡ್ಡೆಗೆ ತಂದು ಹಾಕಿದರು. ಹಾಕಿದರು ಅಂತಲೇ ಹೇಳುತ್ತೇನೆ, ತಪ್ಪೇನು? ಹೊಳೆ ಇಳಿದಾಗ ಎದ್ದುಬರುವ ಆ ಮರಳಲ್ಲಿ ಗಂಡನ ಮನೆಯವರು ಕಲ್ಲಂಗಡಿ ಹಾಕುತ್ತಿದ್ದರು. ಹಣ್ಣು ಕಾಯಲು ಒಂದು ಗುಡಿಸಲು, ಗುಡಿಸಲಲ್ಲಿ ನಾನು. ಚನ್ನಗಿರಿ ಕಡೆಯ ಬಯಲಿನವಳು, ಬಾವಿಯ ನೀರು ಬಿಟ್ಟು ಬೇರೆ ಕಂಡವಳಲ್ಲ. ಈಜು ಎಲ್ಲಿಂದ ಬರಬೇಕು!

ಗಂಡ ಕೆಟ್ಟವನಲ್ಲ. ಆದರೆ ಬಾಯಿ ತೆರೆದರೆ ಎಲ್ಲಿ ಮುತ್ತು ಉದುರೀತೋ ಎನ್ನುವಂಥ ಆಸಾಮಿ. ಅತ್ತೆ ಊರಲ್ಲೇ ಇದ್ದಳು. ಹೀಗಾಗಿ ನಾನು ನೀರುನಾಯಿಗಳ ಜೊತೆ ಮಾತಾಡುತ್ತಿದ್ದೆ. ಅವು ದಡಕ್ಕೆ ಬಂದು ಮೀನನ್ನು ತಲೆಯಿಂದ ಕಚಕಚ ತಿನ್ನುತ್ತಾ ನನ್ನ ದೂರನ್ನೆಲ್ಲ ಕೇಳುತ್ತಿದ್ದವು. ಬರೀ ಮರಳಿನ ಮೇಲೆ ಟಿಟ್ಟಿಭ ಹಕ್ಕಿ ಮೊಟ್ಟೆಯಿಟ್ಟಿತ್ತು. ಅಲ್ಲಿ ಗುಣಿ ತೋಡಬಾರದು, ಪಕ್ಕಕ್ಕೊಂದು ಕಡ್ಡಿ ನೆಟ್ಟು ಬಿಟ್ಟುಬಿಡಬೇಕು, ಇದು ಅತ್ತೆಮನೆಯ ರಿವಾಜು. ಮೊದಲ ಹಣ್ಣು ಹೊಳೆಗೆ, ಆಮೇಲೆ ಮನೆಗೆ ಎನ್ನುವುದು ಇನ್ನೊಂದು. ಬಿಸಿಲೇರಿದಾಗ ಆ ಹಕ್ಕಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು ಮಾಡಿ ಕೂರುತ್ತಿತ್ತು. ನನಗೆ ಹೊಟ್ಟೆಕಿಚ್ಚು. ಅವ್ವನ ನೆನಪಾಗುತ್ತಿತ್ತು. ಅಪ್ಪ ಬಂದು ಒಂದು ಸಲ ಊರಿಗೆ ಕರೆದುಕೊಂಡು ಹೋದರೆ ಸಾಕಪ್ಪಾ, ಇನ್ನೇನೂ ಬೇಡ ಅನಿಸುತ್ತಿತ್ತು.

ಅಪ್ಪ ಬಂದ. ಬಂದು ಬಂದು ಹೊನ್ನಾಳಿ ಸಂತೆಯ ದಿನವೇ ಬರಬೇಕೇ! ಊರಿನ ಹರಿಗೋಲುಗಳೆಲ್ಲ ಹಣ್ಣು ಹೇರಿಕೊಂಡು ಬೆಳಗ್ಗೆಯೇ ಹೋಗಿದ್ದವು. ಗಂಡನೂ ಹೋಗಿದ್ದ, ಬರುವುದು ಕತ್ತಲಿಗೆ. ಬಯಲಿನ ಮನುಷ್ಯನಿಗೆ ಇದೆಲ್ಲ ಏನು ಗೊತ್ತು? ಮೆಣಸಿನಕಾಯಿ ಹೇರಿದ ತವರೂರಿನ ಗಾಡಿಯೊಂದು ಸಾಸ್ವೆಹಳ್ಳಿಗೆ ಹೊರಟಿತ್ತಂತೆ, ಹತ್ತಿ ಬಂದಿದ್ದ. ನಡುವೆ ಆಳದ ಮಡು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ಆಚೆ ಅಪ್ಪ, ಈಚೆ ನಾನು.

ನೀರಿನ ಮೇಲೆ ಮಾತು ಚೆನ್ನಾಗಿ ಹಾಯುತ್ತದೆ. ಕೂಗಿದ್ದು ಅಪ್ಪನಿಗಷ್ಟೇ ಅಲ್ಲ, ಅವನ ಪಕ್ಕದಲ್ಲೇ ಬಟ್ಟೆ ಒಗೆಯುತ್ತಿದ್ದ ಅತ್ತೆಯ ಓಣಿಯ ಹೆಂಗಸರಿಗೂ ಕೇಳುತ್ತದೆ. ಅವರೆಲ್ಲ ಬಟ್ಟೆ ಕುಕ್ಕುವುದನ್ನು ನಿಲ್ಲಿಸಿ ಕಿವಿಯಾಗಿ ಕೂತಿದ್ದರು.

“ಹೆಂಗದೀಯವ್ವಾ?” ಅಪ್ಪ ಕೂಗಿದ.

“ಚೆನ್ನಾಗದೀನಪ್ಪಾ!”

“ಗಾಡಿ ವಾಪಸ್ ಹೊಂಟೈತೆ. ನಿಂಗೆ ಬೇಸರ ಐತೇನು? ಐತೆ ಅಂದ್ರೆ ಗಾಡಿ ಬಿಟ್ಟು ಇಲ್ಲೇ ಕಾಯ್ತೀನಿ. ಕರ್ಕೊಂಡೇ ಹೋಗ್ತೀನಿ.”

ನೀರುನಾಯಿಗಳಿಗೆ ಹೇಳಿಕೊಂಡದ್ದೆಲ್ಲ ನಾಲಿಗೆಯ ತುದಿಗೆ ಬಂತು. ಆ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಹೂಂ ಅಂದರೆ ಹೊತ್ತು ಮುಳುಗುವುದರೊಳಗೆ ಅದು ಅತ್ತೆಯ ಅಂಗಳ ಸೇರುತ್ತಿತ್ತು. ಮೇಲೆ ಉಪ್ಪು ಖಾರ ಬೇರೆ. ಅಪ್ಪನ ತಲೆ ತಗ್ಗಿಸಲು ನನಗೆ ಮನಸ್ಸಾಗಲಿಲ್ಲ.

“ಬೇಸರ ಎಂಥದು! ಹಣ್ಣು ಕಾಯಾಕೇ ಹೊತ್ತು ಸಾಲಲ್ಲ. ನೀ ಹೋಗಪ್ಪಾ!”

“ಹಂಗಾದ್ರೆ ಸರಿ ಬಿಡವ್ವ. ನಿಮ್ಮವ್ವಗೂ ಅದನ್ನೇ ಹೇಳ್ತೀನಿ.”

ಆದರೂ ಅವನು ತಕ್ಷಣ ಹೋಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ಈ ಕಡೆ ನೋಡಿದ. ಗಾಡಿಯವನು ಕರೆದ ಮೇಲೆ ಎದ್ದು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಹೊರಟ. ಹೆಂಗಸರು ಮತ್ತೆ ಒಗೆಯತೊಡಗಿದರು.

ಅವರೂ ಬುಟ್ಟಿ ಹೊತ್ತು ಊರ ಕಡೆ ಹೋಗುವ ತನಕ ಕಾದೆ. ಆಮೇಲೆ ನೀರಿನ ಅಂಚಿಗೆ ಬಂದು, ಖಾಲಿ ದಡದ ಕಡೆಗೆ, ಗಂಟಲು ಹರಿಯುವ ಹಾಗೆ ಕೂಗಿದೆ: “ಬೇಸರ ಐತಪ್ಪಾ, ನನ್ನ ಕರ್ಕೊಂಡು ಹೋಗು!”