ನಮ್ಮ ನರಮಂಡಲದ ಮೇಷ್ಟ್ರು

ಆಂಜನೇಯರೆಡ್ಡಿ ಮೇಷ್ಟ್ರ ಎದುರಿಗೆ ಯಾರೂ ಕಾಲು ಇಳಿಬಿಟ್ಟು ಕೂರುವಂತಿರಲಿಲ್ಲ. ಕೂತರೆ ಸಾಕು, ಏನೋ ಮಾತಾಡುತ್ತಲೇ ಹತ್ತಿರ ಬಂದು, ಅಂಗೈ ಅಂಚಿನಿಂದ ಮೊಣಕಾಲು ಚಿಪ್ಪಿನ ಕೆಳಗೆ ಟಪ್ಪೆಂದು ಒಂದು ಏಟು ಕೊಡುತ್ತಿದ್ದರು. ಕಾಲು ತಾನಾಗಿ ಮುಂದಕ್ಕೆ ಚಿಮ್ಮುತ್ತಿತ್ತು. "ನೋಡ್ದಾ? ಒದ್ದಿದ್ದು ನೀನಲ್ಲ ಕಣಮ್ಮ, ನಿನ್ನ ಬೆನ್ನುಹುರಿ. ಮಿದುಳಿಗೆ ಸುದ್ದಿ ಆಮೇಲೆ ಹೋಯ್ತು," ಎಂದು ಕಣ್ಣರಳಿಸಿ ನಗುತ್ತಿದ್ದರು. ಶಾಲೆ ತಪಾಸಣೆಗೆ ಬಂದ ಸಾಹೇಬರೊಬ್ಬರಿಗೂ ಹೀಗೇ ಮಾಡಿದಾಗ, ಅವರ ಕಾಲು ಎದುರಿನ ಸ್ಟೂಲಿನ ಮೇಲಿದ್ದ ಟೀ ಲೋಟವನ್ನು ಉರುಳಿಸಿತ್ತು. "ನಿಮ್ಮ ತಪ್ಪಲ್ಲ ಸಾರ್, ನಿಮ್ಮ ಮಿದುಳು ಇದಕ್ಕೆ ಒಪ್ಪಿಗೇನೇ ಕೊಟ್ಟಿಲ್ಲ," ಎಂದು ಮೇಷ್ಟ್ರೇ ಸಮಾಧಾನ ಹೇಳಿದರು. ಸಾಹೇಬರು ನಕ್ಕರೋ ಸಿಟ್ಟಾದರೋ ನೆನಪಿಲ್ಲ, ನಾವಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಜಂಗಮಕೋಟೆಯ ಹೈಸ್ಕೂಲಿನಲ್ಲಿ ಅವರು ನಮಗೆ ವಿಜ್ಞಾನ ಹೇಳಿಕೊಟ್ಟವರು. ಬೇರೆ ಪಾಠಗಳನ್ನೆಲ್ಲ ಬಸ್ಸು ಹಿಡಿಯಬೇಕಾದವರಂತೆ ಓಡಿಸಿಬಿಡುತ್ತಿದ್ದರು. ನರಮಂಡಲ ಬಂತೆಂದರೆ ಮಾತ್ರ ಶರ್ಟಿನ ತೋಳು ಮಡಿಸಿ ನಿಂತುಬಿಡುತ್ತಿದ್ದರು. ಇಡೀ ಕ್ಲಾಸನ್ನು ಅಂಗಳದಲ್ಲಿ ಕೈಕೈ ಹಿಡಿಸಿ ಸಾಲಾಗಿ ನಿಲ್ಲಿಸಿ, ಈ ತುದಿಯವರ ಅಂಗೈ ಅದುಮುತ್ತಿದ್ದರು. ಅದುಮಿದ್ದು ಕೈಯಿಂದ ಕೈಗೆ ದಾಟಿ ಆ ತುದಿ ಮುಟ್ಟಬೇಕು. ನಡುವೆ ಯಾರಾದರೂ ಆಕಾಶ ನೋಡುತ್ತಾ ನಿಂತಿದ್ದರೆ ಸುದ್ದಿ ಅಲ್ಲೇ ಸತ್ತುಹೋಗುತ್ತಿತ್ತು. ಮೇಷ್ಟ್ರಿಗೆ ಬೇಕಿದ್ದದ್ದೂ ಅದೇ. "ನೋಡ್ರಪ್ಪಾ, ಈಚೆಯೋರು ಚೆನ್ನಾಗವ್ರೆ, ಆಚೆಯೋರೂ ಚೆನ್ನಾಗವ್ರೆ. ಮಧ್ಯೆ ಒಂದ್ಕಡೆ ಕೆಟ್ಟೈತೆ. ಲಕ್ವ ಹೊಡೆಯೋದು ಅಂದ್ರೆ ಇದೇ. ಈಗ ಹಿಂದಿನ ಸಾಲಿಂದ ಬಳಸ್ಕೊಂಡು ಕಳಿಸ್ರಿ. ನಿಧಾನ ಆಗ್ಲಿ, ಹೋಗುತ್ತೆ. ಕೆಲ್ಸ ಕೊಡ್ತಾ ಇದ್ರೆ ಮಿದುಳೂ ಹಿಂಗೇ ಬೇರೆ ದಾರಿ ಹುಡುಕ್ಕೊಳ್ಳುತ್ತೆ."

ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಒಮ್ಮೆ ಸತ್ತ ಹುಳುವೊಂದನ್ನು ತಂದು ಸೀಳಿ, ಹೊಟ್ಟೆಯ ಕಡೆ ಹಾದುಹೋಗುವ ಬಿಳಿ ನರವನ್ನು ಸೂಜಿಯಲ್ಲಿ ಎತ್ತಿ ತೋರಿಸಿದ್ದರು. ಅದರ ಉದ್ದಕ್ಕೂ ಸಣ್ಣ ಸಣ್ಣ ಗಂಟುಗಳು. "ಈ ಗಂಟುಗಳು ಒಂದೊಂದೂ ಪುಟಾಣಿ ಮಿದುಳಿದ್ದಂಗೆ, ತಮ್ಮ ತಮ್ಮ ಕಾಲು ನೋಡ್ಕೊಳ್ತವೆ. ನಮ್ದು ಹಂಗಲ್ಲ, ಎಲ್ಲಾ ಮೇಲ್ಗಡೆ ಇಟ್ಕೊಂಡಿದೀವಿ. ಅದೂ ಅಡ್ಡಾದಿಡ್ಡಿ. ಬಲಗೈಗೆ ಯಜಮಾನ ಎಡಗಡೆ ಕೂತವ್ನೆ, ಮಾತೂ ಅಲ್ಲೇ ಐತೆ," ಎಂದು ತಮ್ಮ ಎಡ ಕಣತಲೆಯನ್ನು ತಟ್ಟಿಕೊಂಡಿದ್ದರು.

ಹುಳುಮನೆಯ ಆಡಳಿತವೆಲ್ಲ ಅವರ ಹೆಂಡತಿ ನಾಗವೇಣಮ್ಮನವರದು. ಅಲ್ಲಿ ಮೇಷ್ಟ್ರು ಹಿಪ್ಪುನೇರಳೆ ಸೊಪ್ಪು ಹೊರುವ ಆಳು. ಮನೆಮಾತು ತೆಲುಗು, ಊರಿನ ಜೊತೆ ಕನ್ನಡ. ಆದರೆ ಎರಡು ಭಾಷೆಯಲ್ಲೂ ಮೇಷ್ಟ್ರು ಹೆಂಡತಿಯ ಹೆಸರು ಹಿಡಿದು ಕರೆದವರಲ್ಲ. "ಇದಿಗೋ" ಎಂದರೆ ಆಕೆ ತಿರುಗಬೇಕು. ಅವರ ಮನೆತನದಲ್ಲಿ ಹಾಗೇ ನಡೆದುಬಂದಿತ್ತು. "ಸಾರ್, ಮನೆಯೋರ ಹೆಸರೇನು?" ಎಂದು ನಾವು ಕೆಣಕಿದರೆ ಅವರ ಕಿವಿ ಕೆಂಪಾಗುತ್ತಿತ್ತು. "ಅದು ಸಿಲಬಸ್ಸಲ್ಲಿ ಇಲ್ಲ, ಕೂತ್ಕೊಳ್ರಿ," ಎನ್ನುತ್ತಿದ್ದರು.

ನಾನು ಓದು ಮುಗಿಸಿ ಶಿಡ್ಲಘಟ್ಟದಲ್ಲಿ ಔಷಧಿ ಅಂಗಡಿ ಇಟ್ಟೆ. ಮೇಷ್ಟ್ರು ನಿವೃತ್ತರಾಗಿ ನನ್ನಲ್ಲೇ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ತೆಗೆದುಕೊಳ್ಳುತ್ತಿದ್ದರೇ ಹೊರತು ನುಂಗುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಒಂದು ಬೆಳಿಗ್ಗೆ ಸೊಪ್ಪಿನ ಮೂಟೆ ಇಳಿಸುವಾಗ ಅವರ ಬಲಗೈ ಜೋತುಬಿತ್ತು, ಬಾಯಿ ಸೊಟ್ಟಗಾಯಿತು, ಮಾತು ನಿಂತಿತು.

ಸುದ್ದಿ ತಿಳಿದು ನಾನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಓಡಿದೆ. ಹಾಸಿಗೆಯಲ್ಲಿ ಮಲಗಿದ್ದ ಮೇಷ್ಟ್ರು ಎಡಗೈ ಎತ್ತಿ ಎಡ ಕಣತಲೆಯನ್ನು ತಟ್ಟಿಕೊಳ್ಳುತ್ತಿದ್ದರು. ನಾಗವೇಣಮ್ಮ ತಲೆನೋವೆಂದುಕೊಂಡು ಅಲ್ಲಿಗೆ ಮುಲಾಮು ತಿಕ್ಕುತ್ತಿದ್ದರು. ಮೇಷ್ಟ್ರು ತಟ್ಟಿದಷ್ಟೂ ಆಕೆ ತಿಕ್ಕುತ್ತಿದ್ದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. "ತಲೆನೋವಲ್ಲಮ್ಮ, ಎಲ್ಲಿ ಕೆಟ್ಟಿದೆ ಅಂತ ಪಾಠ ಮಾಡ್ತಿದಾರೆ," ಎಂದೆ. ಮೇಷ್ಟ್ರು ನನ್ನ ಕಡೆ ನೋಡಿ ಕೈ ಇಳಿಸಿದರು. ಅವರ ಕಣ್ಣಿನಲ್ಲಿ ನೀರು ತುಂಬಿತ್ತು.

ಮನೆಗೆ ಬಂದ ಮೇಲೆ ನಾಗವೇಣಮ್ಮ ಅವರನ್ನು ನೋಡಿಕೊಂಡ ರೀತಿಗೆ ಹೆಸರಿಡುವಂತಿರಲಿಲ್ಲ. ಆದರೆ ಒಂದು ಎಡವಟ್ಟು ಮಾಡಿದರು. ಹುಳು ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಹುಳು ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಜ್ವರ ಬಿಟ್ಟಮೇಲೆ ಅದೇ ಎದ್ದು ಮೇಯುತ್ತದೆ. ಹುಟ್ಟಿದಾಗಿನಿಂದ ಹುಳು ನೋಡಿದ ಆ ತಾಯಿ ಗಂಡನಿಗೂ ಅದೇ ಪಥ್ಯ ಮಾಡಿದರು. ಕಿಟಕಿಗೆ ಗೋಣಿ ಕಟ್ಟಿದರು, ಮೊಮ್ಮಕ್ಕಳನ್ನು ಒಳಗೆ ಬಿಡಲಿಲ್ಲ, ತಾವೂ ತುಟಿ ಹೊಲಿದುಕೊಂಡರು. "ಈಗ ಕೆಣಕಬಾರ್ದಮ್ಮ. ತಾನಾಗೇ ಏಳ್ತಾರೆ," ಎಂದು ನನಗೆ ಪಿಸುಗುಟ್ಟಿದರು. ಕಿವಿಗೆ ಮಾತೇ ಬೀಳದ ಮನುಷ್ಯನಿಗೆ ಮಾತು ಮರಳುವುದು ಹೇಗೆ? ನಾನು ಎಷ್ಟು ಹೇಳಿದರೂ ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ತಿಂಗಳುಗಳು ಕಳೆದವು, ಮೇಷ್ಟ್ರು ಸೂರು ನೋಡುತ್ತಾ ಮಲಗಿಯೇ ಇದ್ದರು.

ಆ ಮೌನ ಮುರಿದದ್ದು ನನ್ನ ಚಪ್ಪಲಿಯಿಂದ. ಬಿಸಿಲಿಗೆಂದು ಮೇಷ್ಟ್ರನ್ನು ಹುಳುಮನೆಯ ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿದ್ದರು. ಮಾತ್ರೆ ಕೊಡಲು ಬಂದ ನಾನು ಅವಸರದಲ್ಲಿ ಚಪ್ಪಲಿ ಹಾಕಿಕೊಂಡೇ ಹುಳುಮನೆಯೊಳಗೆ ಕಾಲಿಟ್ಟೆ. ಹುಳು ಸಾಕುವವರಿಗೆ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. "ಚೆಪ್ಪುಲು! ಚೆಪ್ಪುಲು!" ಎಂದು ಬೆನ್ನ ಹಿಂದೆ ಗುಡುಗು ಬಂತು. ತಿರುಗಿದರೆ ಮೇಷ್ಟ್ರು! ನಾಗವೇಣಮ್ಮನ ಕೈಯಲ್ಲಿದ್ದ ಸೊಪ್ಪಿನ ಬುಟ್ಟಿ ಕೆಳಗೆ ಬಿತ್ತು. "ಇನ್ನೊಂದ್ಸಲ ಬೈರಿ, ಇನ್ನೊಂದ್ಸಲ ಬೈರಿ," ಎಂದು ಆಕೆ ಅಳುತ್ತಾ ಗಂಡನ ಮೊಣಕಾಲು ಹಿಡಿದುಕೊಂಡರು. ಮೇಷ್ಟ್ರು ಬಾಯಿ ತೆರೆದು ಪ್ರಯತ್ನಪಟ್ಟರು. ಬೇಕೆಂದು ಕರೆದರೆ ಆ ಮಾತು ಬರಲಿಲ್ಲ.

ಚಿಂತಾಮಣಿಯಿಂದ ಶಬೀನಾ ಎಂಬ ಹುಡುಗಿ, ಮಾತು ತಪ್ಪಿದವರಿಗೆ ಮಾತು ಕಲಿಸುವವಳು, ವಾರವಾರ ಬರತೊಡಗಿದ್ದು ಆಮೇಲೆ. "ಬೈಗುಳ, ಹಾಡು ಇವೆಲ್ಲ ಬೇರೆ ದಾರೀಲಿ ಬರ್ತಾವೆ ಅಮ್ಮಾ, ಅದನ್ನೇ ಹಿಡ್ಕೊಳ್ಳೋಣ," ಎಂದಳು. ಕಿಟಕಿಯ ಗೋಣಿ ಕಿತ್ತಳು, ಮಕ್ಕಳನ್ನು ಒಳಗೆ ಬಿಟ್ಟಳು. ಆಮೇಲೆ ನಾಗವೇಣಮ್ಮನ ಕಡೆ ಬೆರಳು ತೋರಿಸಿ, "ಸರ್, ಇವ್ರ ಹೆಸ್ರು ಏನು?" ಎಂದು ಕೇಳಿದಳು.

ಮೇಷ್ಟ್ರು ಹೆಂಡತಿಯನ್ನು ನೋಡಿದರು. ತುಟಿ ಅಲುಗಿತು. ಏನೂ ಬರಲಿಲ್ಲ. ಎಷ್ಟು ಬಾರಿ ಕೇಳಿದರೂ ಬರಲಿಲ್ಲ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋದೆ. "ಚಪ್ಪಲಿ ನೆನಪೈತೆ, ನಾನು ನೆನಪಿಲ್ಲ," ಎಂದರು.

"ಅವರು ಯಾವತ್ತು ನಿಮ್ಮ ಹೆಸರು ಹೇಳಿದ್ರಮ್ಮ, ಈಗ ಬರೋಕೆ?" ಎಂದೆ. ಆಕೆ ಮುಖ ತೊಳೆದುಕೊಂಡು ಒಳಗೆ ಹೋಗಿ ಶಬೀನಾಳಿಗೆ, "ನನ್ ಹೆಸ್ರು ಕಲಿಸಮ್ಮ. ಬೇರೆದೆಲ್ಲ ಆಮೇಲೆ," ಎಂದರು.

ಶಬೀನಾ ಆ ಹೆಸರಿಗೊಂದು ರಾಗ ಕಟ್ಟಿದಳು. ಮೇಷ್ಟ್ರ ಎಡಗೈ ಹಿಡಿದು ಮಂಚದ ಮೇಲೆ ತಾಳ ಹಾಕಿಸುತ್ತಾ, ನಾ-ಗ-ವೇ-ಣಿ, ನಾ-ಗ-ವೇ-ಣಿ ಎಂದು ಹಾಡಿಸಿದಳು. ಮೊದಲು ಬರೀ ಗುಟುರು ಬಂತು. ಆಮೇಲೆ 'ಗವೇ' ಬಂತು. ನಾಗವೇಣಮ್ಮ ಎದುರಿಗೆ ಕೂತು, ತಮ್ಮ ಹೆಸರನ್ನು ತಾವೇ ಹಾಡುತ್ತಾ, ನಾಚಿಕೆಗೆ ತಲೆ ಬಗ್ಗಿಸಿಕೊಂಡೇ ತಾಳ ಹಾಕುತ್ತಿದ್ದರು. ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಹೆಸರು ಪೂರ್ತಿ ಬಂತು.

ಬಂದದ್ದೇ ತಡ, ಮೇಷ್ಟ್ರು ಅದನ್ನು ಬಿಡಲೇ ಇಲ್ಲ. ನೀರು ಬೇಕಾದರೂ ನಾಗವೇಣಿ, ಫ್ಯಾನು ಹಾಕಬೇಕಾದರೂ ನಾಗವೇಣಿ, ಸುಮ್ಮನೆ ಕೂತು ಬೇಜಾರಾದರೂ ನಾಗವೇಣಿ. ಬೀದಿಯವರೆಗೂ ಕೇಳುವ ಹಾಗೆ ರಾಗವಾಗಿ ಕೂಗುತ್ತಿದ್ದರು. ಹಾಲಿನ ಡೈರಿಗೆ ಹೋದರೆ ಹೆಂಗಸರು ಅದೇ ರಾಗದಲ್ಲಿ ಛೇಡಿಸುತ್ತಾರೆಂದು ನಾಗವೇಣಮ್ಮ ನನ್ನ ಹತ್ತಿರ ದೂರು ಹೇಳಿದರು. "ಈ ವಯಸ್ಸಲ್ಲಿ ಮಾನ ಕಳೀತಾವ್ರೆ ಕಣಮ್ಮ," ಎನ್ನುವಾಗ ಅವರ ಮುಖ ನೋಡಬೇಕಿತ್ತು. ನಾನು ಅವರನ್ನು ಕೊನೆಯ ಬಾರಿ ನೋಡಲು ಹೋದಾಗ ಮೇಷ್ಟ್ರು ನನ್ನ ಹೆಸರು ಹೇಳಲು ಹೋಗಿ, ತಡವರಿಸಿ, ನನ್ನನ್ನೂ ನಾಗವೇಣಿ ಎಂದೇ ಕರೆದರು. ತಪ್ಪೆಂದು ಗೊತ್ತಾಗಿ ಗೊಳ್ಳನೆ ನಕ್ಕರು. ಆ ನಗು ಮೊದಲಿನದೇ ಆಗಿತ್ತು.

ಲಕ್ವದ ಎರಡನೇ ಏಟಿಗೆ ಅವರು ಉಳಿಯಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಹೋದೆ. ನಾಗವೇಣಮ್ಮ ಹುಳುಮನೆಯ ಬಾಗಿಲಲ್ಲಿ, ಮೇಷ್ಟ್ರು ಕೂರುತ್ತಿದ್ದ ಕುರ್ಚಿಯ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತೆ.

"ಮಗ ಅಮ್ಮ ಅಂತಾನೆ, ಸೊಸೆ ಅತ್ತೆ ಅಂತಾಳೆ, ಮಕ್ಕಳಿಗೆ ಅಜ್ಜಿ. ಊರಿಗೆಲ್ಲ ಮೇಷ್ಟ್ರು ಹೆಂಡ್ತಿ," ಎಂದರು. "ನನ್ ಹೆಸ್ರು ಕರೆಯೋರು ಹೊರಟೋದ್ರು ನೋಡು. ನೀನೊಂದ್ಸಲ ಕರೀತೀಯಾ?"

"ನಾಗವೇಣಮ್ಮ," ಎಂದೆ.

"ಅಮ್ಮ ಬೇಡ."

ಅಷ್ಟು ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ. ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕಾಯುತ್ತಿದ್ದರು. ಕೊನೆಗೆ ನೆಲ ನೋಡುತ್ತಾ, ಮೇಷ್ಟ್ರ ರಾಗದಲ್ಲೇ, "ನಾಗವೇಣೀ," ಎಂದೆ.

"ಬಂದೆ, ಇರಿ," ಎಂದರು ಅವರು, ಖಾಲಿ ಕುರ್ಚಿಯ ಕಡೆ ತಿರುಗಿ.